ಮನೆಯಲ್ಲೇ ಕಟ್ಟಬಹುದಾದ ಸಂಗೀತ ಸ್ಟ್ರೀಮರ್: ಬೀಳಗಿಯ ತಟ್ಟೆ, ಬಾದಾಮಿಯ ಕ್ಯಾಸೆಟ್ಟು

ಬಾಗಲಕೋಟೆ: ಅಂತರಜಾಲದಿಂದಾಗಲಿ, ಮನೆಯ ಹಾರ್ಡ್ ಡಿಸ್ಕಿನಿಂದಾಗಲಿ ಹಾಡನ್ನು ತಂದು ಆಂಪ್ಲಿಫೈಯರಿಗೆ ಒಪ್ಪಿಸುವ ಪುಟ್ಟ ಯಂತ್ರಕ್ಕೆ ಸ್ಟ್ರೀಮರ್ ಎಂದು ಹೆಸರು. ಸಿದ್ಧವಾಗಿ ದೊರೆಯುವ ಉತ್ತಮ ದರ್ಜೆಯ ಸ್ಟ್ರೀಮರುಗಳ ಬೆಲೆ ಮಧ್ಯಮ ವರ್ಗದವರಿಗೆ ಎಟುಕುವಂಥದ್ದಲ್ಲ. ಆದರೆ ಅದೇ ಗುಣಮಟ್ಟಕ್ಕೆ ಬಹಳ ಸಮೀಪದ ಯಂತ್ರವನ್ನು ಕೆಲವೇ ಸಾವಿರ ರೂಪಾಯಿಗಳಲ್ಲಿ, ಎರಡು ಭಾನುವಾರಗಳ ಬಿಡುವಿನಲ್ಲಿ ಮನೆಯಲ್ಲೇ ಕಟ್ಟಿಕೊಳ್ಳಬಹುದಾಗಿದೆ.

ಬಾಗಲಕೋಟೆ ಸೀಮೆಯಲ್ಲಿ ಇಂಥ ಯಂತ್ರಕ್ಕೆ ವಿಶೇಷ ಪ್ರಯೋಜನವೊಂದಿದೆ. 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶದಾದ್ಯಂತ ಮನೆಮಾತಾದ ಅಮೀರ್‌ಬಾಯಿ ಕರ್ನಾಟಕಿ ಹಾಗೂ ಬಾಲಗಂಧರ್ವರ ಸಂಗಡ ರಂಗಭೂಮಿಯಲ್ಲಿ ಹಾಡಿದ ಅವರ ಸೋದರಿ ಗೋಹರ್‌ಬಾಯಿ, ಇಬ್ಬರೂ ಇದೇ ಜಿಲ್ಲೆಯ ಬೀಳಗಿಯವರು. ಬಾದಾಮಿ ಬಳಿಯ ಬನಶಂಕರಿ ಜಾತ್ರೆಗೆ ಬೀಡುಬಿಡುವ ವೃತ್ತಿ ನಾಟಕ ಕಂಪನಿಗಳ ಹಾಡು, ಹುನಗುಂದ-ಇಳಕಲ್ ಭಾಗದ ಭಜನೆ, ಕೂಡಲಸಂಗಮದ ನೆರೆಹೊರೆಯ ವಚನ ಗಾಯನ, ಧಾರವಾಡ ಆಕಾಶವಾಣಿಯಿಂದ ಮನೆಯಲ್ಲೇ ಧ್ವನಿಮುದ್ರಿಸಿಕೊಂಡ ಬೈಠಕ್ಕುಗಳು ತಟ್ಟೆಗಳಲ್ಲಿ, ಕ್ಯಾಸೆಟ್ಟುಗಳಲ್ಲಿ ಟ್ರಂಕಿನೊಳಗೆ ಕುಳಿತಿರುವುದುಂಟು. ಆಲಮಟ್ಟಿ ಹಿನ್ನೀರಿನಿಂದಾಗಿ ಹಳೆ ಬಾಗಲಕೋಟೆಯ ಕುಟುಂಬಗಳು ನವನಗರಕ್ಕೆ ಸ್ಥಳಾಂತರಗೊಂಡವು. ಮನೆ ಬದಲಿಸುವಾಗ ಮೊದಲು ಗುಜರಿಗೆ ಹೋಗುವ ಸಾಮಾನುಗಳಲ್ಲಿ ಇವೂ ಸೇರಿರುತ್ತವೆ. ಮನೆಯಲ್ಲಿ ತುಂಬಿಕೊಂಡ ಕ್ಯಾಸೆಟ್ಟಿನ ಹಾಡು ಯಾವ ಸಂಗೀತ ಸೇವೆಯ ಚಂದಾಕ್ಕೂ ಸಿಗುವುದಿಲ್ಲ. ಸ್ಟ್ರೀಮರ್ ಕಟ್ಟಲು ಹೊರಡುವವರು ಯಂತ್ರದಷ್ಟೇ ಗಮನವನ್ನು ಅದಕ್ಕೆ ತುಂಬುವ ಧ್ವನಿಯ ಮೇಲೂ ಇಡಬೇಕೆನ್ನುವುದು ಈ ಕಾರಣಕ್ಕೆ.

ಯಂತ್ರದ ಒಡಲು

ಮೂಲ ಸಾಮಗ್ರಿ ಎರಡು. ಒಂದು, 2012ರಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾದ ರಾಸ್ಪ್‌ಬೆರ್ರಿ ಪೈ ಎಂಬ ಅಂಗೈ ಅಗಲದ ಕಂಪ್ಯೂಟರ್. ಸಂಗೀತಕ್ಕೆ ಅದರ ಅತಿ ಹೊಸ ಮಾದರಿಯೇ ಬೇಕೆಂದಿಲ್ಲ. 2019ರ ‘ಪೈ 4’ರ 1 ಜಿಬಿ ಮಾದರಿ ಧಾರಾಳವಾಗಿ ಸಾಕು. 2023ರ ‘ಪೈ 5’ರಲ್ಲಿ ಹೆಡ್‌ಫೋನ್ ಕಿಂಡಿಯನ್ನೇ ತೆಗೆದುಹಾಕಲಾಗಿದೆ. ಹಿಂದಿನ ಮಾದರಿಗಳಲ್ಲಿ ಆ ಕಿಂಡಿ ಇದ್ದರೂ ಅದರ ಧ್ವನಿ ಸಾಧಾರಣವಾದ್ದರಿಂದ ನಷ್ಟವೇನಿಲ್ಲ.

ಎರಡನೆಯದು ಡ್ಯಾಕ್, ಅಂದರೆ ಅಂಕಿಗಳ ರೂಪದಲ್ಲಿರುವ ಧ್ವನಿಯನ್ನು ವಿದ್ಯುತ್ ಅಲೆಯಾಗಿ ಪರಿವರ್ತಿಸುವ ಚಿಪ್. ಗುಣಮಟ್ಟ ಬಹುಮಟ್ಟಿಗೆ ನಿರ್ಧಾರವಾಗುವುದು ಇಲ್ಲಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಪಿಸಿಎಂ5102ಎ ಚಿಪ್‌ನ ಗದ್ದಲರಹಿತ ವ್ಯಾಪ್ತಿ 112 ಡೆಸಿಬಲ್. ಸಿ.ಡಿ.ಯ ವ್ಯಾಪ್ತಿ ಸುಮಾರು 96 ಡೆಸಿಬಲ್ ಎಂಬುದನ್ನು ಗಮನಿಸಿದರೆ ಇದರಾಚೆಗೆ ಹಣ ಸುರಿಯುವ ಮುನ್ನ ಯೋಚಿಸುವುದು ಲೇಸು. ಬೆಸುಗೆ ಹಿಡಿಯಲು ಬಾರದವರು ಹೈಫೈಬೆರ್ರಿ ಮುಂತಾದ ಕಂಪನಿಗಳ, ಪೈ ಮೇಲೆ ನೇರವಾಗಿ ಕೂರುವ ಹಲಗೆಯನ್ನು ಕೊಳ್ಳಬಹುದು.

ಬಿಡಿ ಹಲಗೆ ತಂದವರು ಐದು ತಂತಿ ಜೋಡಿಸಬೇಕಾಗುತ್ತದೆ. ಪೈನ 40 ಪಿನ್ನುಗಳ ಸಾಲಿನಲ್ಲಿ 2ನೆಯದಕ್ಕೆ 5 ವೋಲ್ಟ್, 6ನೆಯದಕ್ಕೆ ಗ್ರೌಂಡ್, 12ನೆಯದಕ್ಕೆ ಬಿಟ್ ಗಡಿಯಾರ, 35ನೆಯದಕ್ಕೆ ಎಡ-ಬಲ ಗಡಿಯಾರ, 40ನೆಯದಕ್ಕೆ ದತ್ತಾಂಶ. ಅಗ್ಗದ ಹಲಗೆಗಳಲ್ಲಿ ಎಸ್‌ಸಿಕೆ ಎಂಬ ಬಿಂದುವನ್ನು ಗ್ರೌಂಡಿಗೆ ಬೆಸೆಯದೆ ಬಿಟ್ಟರೆ ಧ್ವನಿ ಬಾರದಿರಬಹುದು ಇಲ್ಲವೇ ಬರಿಯ ಗೊರಗೊರ ಕೇಳಬಹುದು. ಹಲಗೆ ಕೆಟ್ಟಿದೆಯೆಂದು ಹಿಂದಿರುಗಿಸುವ ಮುನ್ನ ಇದನ್ನು ಪರೀಕ್ಷಿಸುವುದು ಒಳಿತು. ಡ್ಯಾಕ್‌ನಿಂದ ಹೊರಬರುವ ಸುಮಾರು 2 ವೋಲ್ಟ್ ಸಂಕೇತವನ್ನು ಯಾವುದೇ ಹಳೆಯ ಆಂಪ್ಲಿಫೈಯರಿನ ಆಕ್ಸ್ ಕಿಂಡಿಗೆ ಕೊಡಬಹುದು.

ಕರೆಂಟು, ಬಿಸಿಲು, ಕಲ್ಲುಗೋಡೆ

ತಂತ್ರಾಂಶಗಳು ಹಲವಿವೆ. ವಾಲ್ಯೂಮಿಯೊ ಹೊಸಬರಿಗೆ ಸುಲಭ. ಅದರ ಮೂಲ ಆವೃತ್ತಿ ಉಚಿತ. ಮೂಡ್ ಪೂರ್ತಿ ಉಚಿತವಾಗಿದ್ದು, ಹೊಂದಾಣಿಕೆಗಳು ಹೆಚ್ಚು. ಆಗಾಗ ಕರೆಂಟು ಹೋಗುವ ಊರಿನವರಿಗೆ ಪೈಕೋರ್‌ಪ್ಲೇಯರ್ ಮೇಲು. ಉಳಿದವುಗಳಲ್ಲಿ ಹಠಾತ್ತನೆ ವಿದ್ಯುತ್ ಕಡಿತವಾದಾಗ ಮೆಮೊರಿ ಕಾರ್ಡ್ ಹಾಳಾಗುವ ಸಂಭವವಿರುತ್ತದೆ. ಪೈಕೋರ್‌ಪ್ಲೇಯರ್ ಆರಂಭವಾದೊಡನೆ ಪೂರ್ತಿಯಾಗಿ ರ‍್ಯಾಮ್‌ಗೆ ಏರಿ ಅಲ್ಲಿಂದಲೇ ನಡೆಯುವುದರಿಂದ ಆ ಭಯ ಬಹಳ ಕಡಿಮೆ. ಇದರ ಜೊತೆಗಾರ ತಂತ್ರಾಂಶ ಲಿರಿಯನ್ ಮ್ಯೂಸಿಕ್ ಸರ್ವರ್, ಹಿಂದೆ ಲಾಜಿಟೆಕ್ ಕಂಪನಿಯ ಹೆಸರಿನಲ್ಲಿದ್ದುದು. 2024ರಲ್ಲಿ ಹೆಸರು ಬದಲಾಯಿತು. ಯಾವುದನ್ನೇ ಹಾಕಿದರೂ ಹೊಂದಾಣಿಕೆಯ ಪುಟದಲ್ಲಿ ಡ್ಯಾಕ್‌ನ ಬಗೆಯನ್ನು ಆರಿಸುವುದು ಕಡ್ಡಾಯ. ಪಿಸಿಎಂ5102ಎ ಬಿಡಿ ಹಲಗೆಗೆ ‘ಹೈಫೈಬೆರ್ರಿ ಡ್ಯಾಕ್’ ಎಂದು ಆರಿಸಿದರೆ ಸರಿಹೋಗುತ್ತದೆ.

ವಿದ್ಯುತ್ ಪೂರೈಕೆಗೆ ಮೊಬೈಲ್ ಚಾರ್ಜರ್ ಬಳಸಬಾರದು. ಪೈ 4ಕ್ಕೆ 5 ವೋಲ್ಟ್ 3 ಆಂಪಿಯರಿನ ಅಡಾಪ್ಟರ್ ಬೇಕು. ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ಬಿಡದೆ ಕೇಳುತ್ತಿದ್ದರೆ ಅದಕ್ಕೆ ಡ್ಯಾಕನ್ನು ದೂರುವ ಬದಲು ಮನೆಯ ಅರ್ಥಿಂಗ್ ಪರೀಕ್ಷಿಸಬೇಕು. ಸ್ಟ್ರೀಮರ್ ಹಾಗೂ ಆಂಪ್ಲಿಫೈಯರ್ ಎರಡನ್ನೂ ಒಂದೇ ಮೂರು ಪಿನ್ನಿನ ಬೋರ್ಡಿಗೆ ಸಿಕ್ಕಿಸಿ ನೋಡಬೇಕು.

ಪೈ 80 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ. ಹಾಡು ನುಡಿಸುವಷ್ಟು ಕೆಲಸಕ್ಕೆ ಅದು ಅಷ್ಟು ಕಾಯುವುದಿಲ್ಲವಾದರೂ ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲಿನಲ್ಲಿ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿ ಬೇಡ. ಅಲ್ಯುಮಿನಿಯಂ ಡಬ್ಬಿಯಾದರೆ ಅದೇ ಬಿಸಿಯನ್ನು ಹೊರಹಾಕುತ್ತದೆ, ಸದ್ದು ಮಾಡುವ ಫ್ಯಾನ್ ಬೇಕಾಗುವುದಿಲ್ಲ. ಹಿಂದೆ ರೇಡಿಯೋಕ್ಕೆ ಕಸೂತಿಯ ಬಟ್ಟೆ ಹೊದಿಸುತ್ತಿದ್ದಂತೆ ಗುಳೇದಗುಡ್ಡದ ಖಣವನ್ನು ಇದಕ್ಕೂ ಹೊದಿಸುವ ಆಸೆಯಿದ್ದರೆ ಯಂತ್ರ ಆರಿಸಿದ ಮೇಲೆ ಹೊದಿಸಬಹುದು.

ಬಾದಾಮಿ, ಇಳಕಲ್ ಕಡೆಯ ದಪ್ಪ ಕಲ್ಲುಗೋಡೆಯ ಮನೆಗಳಲ್ಲಿ 5 ಗಿಗಾಹರ್ಟ್ಸ್ ವೈಫೈ ಒಂದು ಕೋಣೆ ದಾಟುವುದೇ ಕಷ್ಟ. 2.4 ಗಿಗಾಹರ್ಟ್ಸ್ ಹೆಚ್ಚು ದೂರ ಸಾಗುತ್ತದೆ. ಸಿ.ಡಿ. ಗುಣಮಟ್ಟದ ಹಾಡಿಗೆ ಸೆಕೆಂಡಿಗೆ ಹೆಚ್ಚೆಂದರೆ 1.4 ಮೆಗಾಬಿಟ್ ಸಾಕಾಗುವುದರಿಂದ ವೇಗದ ಚಿಂತೆ ಬೇಡ. ಸಾಧ್ಯವಾದರೆ ತಂತಿಯನ್ನೇ ಎಳೆಯಬಹುದು.

ತಟ್ಟೆಯಿಂದ ಡಿಸ್ಕಿಗೆ

ಇಲ್ಲಿಂದ ಮುಂದಿನದು ಸಾವಧಾನದ ಕೆಲಸ. 78 ವೇಗದ ಗ್ರಾಮಫೋನ್ ತಟ್ಟೆಗಳು ಅರಗಿನಿಂದ ಮಾಡಿದವು. ಸ್ಪಿರಿಟ್ಟಿನಿಂದ ಒರೆಸಿದರೆ ಅರಗು ಕರಗಿ ತಟ್ಟೆ ಶಾಶ್ವತವಾಗಿ ಹಾಳಾಗುತ್ತದೆ. ಮೆದು ಬ್ರಷ್, ಶುದ್ಧೀಕರಿಸಿದ ನೀರು ಸಾಕು. ನಡುವಿನ ಕಾಗದಕ್ಕೆ ನೀರು ತಾಗಬಾರದು. ಎಲ್‌ಪಿ ತಟ್ಟೆಗೆ ಹಾಕುವ ಮುಳ್ಳು ಇದಕ್ಕೆ ನಡೆಯದು. ಅದರ ತುದಿ ಸುಮಾರು 18 ಮೈಕ್ರಾನ್, 78ರ ಗೀರಿಗೆ ಬೇಕಾದದ್ದು ಸುಮಾರು 75 ಮೈಕ್ರಾನ್. ಸಣ್ಣ ಮುಳ್ಳು ಗೀರಿನ ತಳಕ್ಕಿಳಿದು ದೂಳನ್ನಷ್ಟೇ ಹಾಡಿಸುತ್ತದೆ. ಈ ತಟ್ಟೆಗಳ ಧ್ವನಿ ಒಂದೇ ವಾಹಿನಿಯದು. ಎಡ-ಬಲ ಎರಡನ್ನೂ ಮುದ್ರಿಸಿಟ್ಟುಕೊಂಡು ಆಮೇಲೆ ಕೂಡಿಸಿದರೆ ಕರಕರ ಸದ್ದಿನ ಒಂದು ಪಾಲು ತಾನಾಗಿ ಅಳಿಯುತ್ತದೆ. ಟರ್ನ್‌ಟೇಬಲನ್ನು ಇಳಕಲ್‌ನ ಗ್ರಾನೈಟ್ ಹಲಗೆಯೊಂದರ ಮೇಲಿಟ್ಟರೆ ನೆಲದ ಅದುರುವಿಕೆ ಮುಳ್ಳಿಗೆ ತಲುಪುವುದು ತಗ್ಗುತ್ತದೆ. ಊರಿನವರಿಗೆ ಇದೊಂದು ಅನುಕೂಲ.

ಕ್ಯಾಸೆಟ್ಟಿನ ಧ್ವನಿ ಮಸುಕಾಗಿದ್ದರೆ ಟೇಪಿನ ತಪ್ಪೆಂದು ಕೈಬಿಡಬಾರದು. ಹೆಡ್ಡಿನ ಓರೆ ತಿದ್ದುವ ಪುಟ್ಟ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದಾಗ ತಾಳದ ಝಣಝಣ ಮರಳಿ ಕೇಳಿಸುವುದುಂಟು. ಬೂಸ್ಟು ಹಿಡಿದ ಟೇಪನ್ನು ಮಾತ್ರ ಒಳ್ಳೆಯ ಡೆಕ್ಕಿಗೆ ಹಾಕಬಾರದು, ಅದು ಉಳಿದ ಕ್ಯಾಸೆಟ್ಟುಗಳಿಗೂ ಹರಡುತ್ತದೆ.

ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಐಎಎಸ್‌ಎ ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಮುದ್ರಿಸಲು ಶಿಫಾರಸು ಮಾಡಿದೆ. 96 ಕಿಲೋಹರ್ಟ್ಸ್ ಆದರೂ ಗಂಟೆಗೆ ಸುಮಾರು 2 ಜಿಬಿ. ಒಂದು ಗಂಟೆಯ ನೂರು ಕ್ಯಾಸೆಟ್ಟಿಗೆ 200 ಜಿಬಿ. ಫ್ಲ್ಯಾಕ್ ರೂಪಕ್ಕೆ ತಂದರೆ ಗುಣ ಕಿಂಚಿತ್ತೂ ಕೆಡದೆ ಗಾತ್ರ ಇನ್ನೂ ಕಿರಿದಾಗುತ್ತದೆ. ಸದ್ದು ಅಳಿಸುವ ತಂತ್ರಾಂಶಗಳನ್ನು ಪ್ರತಿಯ ಮೇಲಷ್ಟೇ ಪ್ರಯೋಗಿಸಬೇಕು, ಮೂಲ ಮುದ್ರಣವನ್ನು ಮುಟ್ಟಬಾರದು. ಮೂಲವನ್ನು ಎರಡು ಡಿಸ್ಕುಗಳಲ್ಲಿಟ್ಟು ಒಂದನ್ನು ಬೇರೆ ಮನೆಯಲ್ಲಿಡುವುದು ಕ್ಷೇಮ.

ಭಾರತದ ಕಾಯ್ದೆಯಂತೆ ಧ್ವನಿಮುದ್ರಣದ ಹಕ್ಕುಸ್ವಾಮ್ಯ ಪ್ರಕಟವಾದ ವರ್ಷದ ನಂತರ 60 ವರ್ಷ. 1964ರೊಳಗೆ ಪ್ರಕಟವಾದ ತಟ್ಟೆಗಳ ಅವಧಿ ಮುಗಿದಿದೆ. ಆದರೆ ಸಾಹಿತ್ಯ ಮತ್ತು ರಾಗ ಸಂಯೋಜನೆಯ ಹಕ್ಕು ಬೇರೆಯದು, ಅದು ರಚಿಸಿದವರು ತೀರಿಕೊಂಡ ನಂತರದ 60 ವರ್ಷ. ಮನೆಯಲ್ಲಿ ಕೇಳುವುದಕ್ಕೂ ಜಾಲತಾಣಕ್ಕೆ ಏರಿಸುವುದಕ್ಕೂ ಇರುವ ಅಂತರವನ್ನು ಮರೆಯಬಾರದು.

ಹೆಸರು ಬರೆಯುವುದು

ಪ್ರತಿ ಹಾಡಿನ ಕಡತದೊಳಗೆ ಗಾಯಕರು, ರಾಗ, ಊರು, ವರ್ಷಗಳನ್ನು ಕನ್ನಡದಲ್ಲೇ ಬರೆಯಬಹುದು. ಯುನಿಕೋಡ್‌ನಲ್ಲಿ ಬರೆದರೆ ಸ್ಟ್ರೀಮರಿನ ಪರದೆ ಸರಿಯಾಗಿ ತೋರಿಸುತ್ತದೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದ ಪಟ್ಟಿಯನ್ನು ಪರಿವರ್ತಿಸದೆ ಅಂಟಿಸಿದರೆ ಗೊಂದಲಾಕ್ಷರಗಳು ಬರುತ್ತವೆ.

ಬರಿಯ ‘ಗೋಹರ್’ ಎಂದು ಬರೆದರೆ ತಂತ್ರಾಂಶವು ಬೀಳಗಿಯ ಗೋಹರ್‌ಬಾಯಿಯನ್ನೂ, 1902ರಲ್ಲಿ ಕಲ್ಕತ್ತೆಯಲ್ಲಿ ತಟ್ಟೆಗೆ ಹಾಡಿ 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡ ಗೌಹರ್ ಜಾನ್‌ರನ್ನೂ ಒಂದೇ ಹೆಸರಿನಡಿ ಸೇರಿಸಿಬಿಡುವ ಸಂಭವವಿದೆ. ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು. ದೂರದ ಜರ್ಮನಿಯಲ್ಲಿ ತಟ್ಟೆ ಒತ್ತುವವರಿಗೆ ಚೀಟಿ ಅಂಟಿಸಲು ಅದರಿಂದ ಗುರುತು ಸಿಗುತ್ತಿತ್ತು. ಮನೆಯ ಕ್ಯಾಸೆಟ್ಟುಗಳಲ್ಲಿ ಅಂಥ ಘೋಷಣೆ ಇರುವುದಿಲ್ಲ. ಸೋಬಾನೆ ಹಾಡಿದ ಅಜ್ಜಿ ಯಾರು, ಹಾರ್ಮೋನಿಯಂ ಹಿಡಿದವರು ಯಾವ ಊರಿನವರು ಎಂಬುದನ್ನು ಮನೆಯ ಹಿರಿಯರ ಎದುರು ಕ್ಯಾಸೆಟ್ಟು ಹಾಕಿಯೇ ಕೇಳಿ, ಅವರು ಹೇಳಿದ್ದನ್ನು ಅದೇ ಕಡತದ ಟಿಪ್ಪಣಿಯಲ್ಲಿ ಸೇರಿಸಬಹುದಾಗಿದೆ.