ಕಮೊಡೋರ್ 64 ಇನ್ನೂ ಚಾಟ್ ಮಾಡುತ್ತೆ, ನಮ್ಮ ಹಳೇ ಆ್ಯಪ್ ಯಾಕೆ ಮಾಡಲ್ಲ?

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಇದ್ದೀರಾ ಅಂದ್ಕೊಳ್ತೀನಿ. ಇವತ್ತು ಒಂದು ಹಳೇ ಕಂಪ್ಯೂಟರ್ ಕಥೆ. ಆದರೆ ಶುರು ಮಾಡೋದು ಒಂದು ಹಳೇ ಫೋನ್‌ನಿಂದ.

ನನ್ನ ಟೇಬಲ್ ಡ್ರಾಯರ್‌ನಲ್ಲಿ ಬಿ.ಕಾಂ. ಓದುವಾಗ ಬಳಸ್ತಿದ್ದ ಫೋನ್ ಇದೆ. ಮೊನ್ನೆ ಚಾರ್ಜ್‌ಗೆ ಹಾಕಿದೆ, ಆನ್ ಆಯ್ತು. ಆಗ ನಮ್ಮ ಕ್ಲಾಸ್‌ನವರೆಲ್ಲ ಬಳಸ್ತಿದ್ದ ಒಂದು ಚಾಟ್ ಆ್ಯಪ್ ಅದರಲ್ಲಿ ಹಾಗೇ ಇದೆ. ಹೆಸರು ಬೇಡ ಬಿಡಿ. ಐಕಾನ್ ಮುಟ್ಟಿದರೆ ತೆರೆಯುತ್ತೆ, ಆಮೇಲೆ ಒಂದು ಚಕ್ರ ತಿರುಗ್ತಾ ಇರುತ್ತೆ, ಅಷ್ಟೇ. ಸೇವೆ ನಿಲ್ಲಿಸಿ ವರ್ಷಗಳೇ ಆಗಿವೆ. ಪರೀಕ್ಷೆ ಹಿಂದಿನ ರಾತ್ರಿ ಕಾಸ್ಟ್ ಅಕೌಂಟಿಂಗ್ ಲೆಕ್ಕ ಹೇಳಿಸಿಕೊಂಡಿದ್ದು, ಜಗಳ ಆಡಿದ್ದು, ಬೆಳಗಿನ ಜಾವ ರಾಜಿ ಆಗಿದ್ದು, ಯಾವುದೂ ಈಗ ಸಿಗಲ್ಲ. ಫೋನ್ ಕೆಟ್ಟಿಲ್ಲ. ಆ್ಯಪ್ ಕೂಡ ಕೆಟ್ಟಿಲ್ಲ. ಆ ಕಡೆ ಯಾರೂ ಇಲ್ಲ.

ಅದೇ ಸಮಯಕ್ಕೆ ನನಗೆ ಗೊತ್ತಾಗಿದ್ದು, 1982ರ ಒಂದು ಮನೆ ಕಂಪ್ಯೂಟರ್ ಇವತ್ತಿಗೂ ಇಂಟರ್ನೆಟ್‌ಗೆ ಬಂದು ಚಾಟ್ ಮಾಡುತ್ತೆ ಅಂತ. ನಾನು ಹುಟ್ಟೋಕೆ ಹದಿನೈದು ವರ್ಷ ಮುಂಚಿನ ಯಂತ್ರ ಅದು. ಅದಕ್ಕೆ ಆಗೋದು ನನ್ನ ಫೋನ್‌ಗೆ ಯಾಕೆ ಆಗ್ತಿಲ್ಲ? ಇದೇ ಇವತ್ತಿನ ಎಪಿಸೋಡ್.

ಕೀಬೋರ್ಡ್ ಒಳಗೊಂದು ಕಂಪ್ಯೂಟರ್

ಆ ಯಂತ್ರದ ಹೆಸರು ಕಮೊಡೋರ್ 64. 1982ರ ಆಗಸ್ಟ್‌ನಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು, ಬೆಲೆ 595 ಡಾಲರ್. ನೋಡೋಕೆ ಒಂದು ದಪ್ಪ ಕೀಬೋರ್ಡ್, ಇಡೀ ಕಂಪ್ಯೂಟರ್ ಅದರ ಒಳಗೇ ಇದೆ. ಮನೆಯ ಟಿವಿಗೆ ಜೋಡಿಸಿದರೆ ಆಯ್ತು. ವರ್ಷ ಕಳೆಯೋದ್ರೊಳಗೆ ಬೆಲೆ ಸುಮಾರು 200 ಡಾಲರ್‌ಗೆ ಇಳೀತು. ಒಟ್ಟು ಮಾರಾಟ ಕಡಿಮೆ ಅಂದ್ರೂ 1 ಕೋಟಿ 25 ಲಕ್ಷ ಅಂತ ಅಂದಾಜು.

ಹೆಸರಲ್ಲಿರೋ 64 ಅಂದ್ರೆ 64 ಕಿಲೋಬೈಟ್ ಮೆಮೊರಿ. ವಾಟ್ಸಾಪ್‌ನಲ್ಲಿ ಬರೋ ಒಂದು ಗುಡ್ ಮಾರ್ನಿಂಗ್ ಫೋಟೋ ಕೂಡ ಅದರೊಳಗೆ ಹಿಡಿಸಲ್ಲ. ಪ್ರೊಸೆಸರ್ ವೇಗ ಸುಮಾರು 1 ಮೆಗಾಹರ್ಟ್ಸ್. ಪರದೆ ಮೇಲೆ ಸಾಲಿಗೆ 40 ಅಕ್ಷರ, ಒಟ್ಟು 25 ಸಾಲು. ಅಂದ್ರೆ ಒಂದು ಸಲಕ್ಕೆ ಕಾಣೋದು ಬರೀ 1000 ಅಕ್ಷರ.

ಇಷ್ಟು ಸಣ್ಣ ಯಂತ್ರವನ್ನ ಹೊರಗಿನ ಲೋಕಕ್ಕೆ ಜೋಡಿಸೋಕೆ ಇದ್ದ ದಾರಿ ಟೆಲಿಫೋನ್ ತಂತಿ. ಕಮೊಡೋರ್ ಕಂಪನಿಯೇ ವಿಕ್‌ಮೋಡೆಮ್ ಅಂತ ಒಂದು ಅಗ್ಗದ ಮೋಡೆಮ್ ಮಾರ್ತಿತ್ತು. ಅದಕ್ಕೆ ತಾನೇ ನಂಬರ್ ಡಯಲ್ ಮಾಡೋಕೆ ಬರ್ತಿರಲಿಲ್ಲ. ನೀವೇ ಫೋನ್‌ನಲ್ಲಿ ಡಯಲ್ ಮಾಡಬೇಕು, ಆ ಕಡೆಯಿಂದ ಕೀಂಯ್ ಅಂತ ಶಬ್ದ ಬಂದ ತಕ್ಷಣ ರಿಸೀವರ್‌ನ ವೈರ್ ಕಿತ್ತು ಮೋಡೆಮ್‌ಗೆ ಸಿಕ್ಕಿಸಬೇಕು.

ವೇಗ ಎಷ್ಟು ಅಂದ್ರೆ ಸೆಕೆಂಡಿಗೆ 300 ಬಿಟ್, ಅಂದ್ರೆ ಸುಮಾರು 30 ಅಕ್ಷರ. ಪರದೆ ಪೂರ್ತಿ ತುಂಬೋಕೆ 33 ಸೆಕೆಂಡ್. ಅಕ್ಷರಗಳು ಒಂದೊಂದಾಗಿ ಬರೋದು ಕಣ್ಣಿಗೇ ಕಾಣ್ತಿತ್ತು.

ನಿಮಿಷಕ್ಕೆ ಆರು ಸೆಂಟ್

1985ರ ನವೆಂಬರ್‌ನಲ್ಲಿ ಕ್ವಾಂಟಮ್ ಲಿಂಕ್ ಶುರುವಾಯ್ತು. ಚಿಕ್ಕದಾಗಿ ಕ್ಯೂ-ಲಿಂಕ್ ಅಂತಿದ್ರು. ಕಮೊಡೋರ್ ಬಳಸೋರಿಗಾಗಿಯೇ ಮಾಡಿದ ಆನ್‌ಲೈನ್ ಸೇವೆ. ಅವರು ಕಳಿಸೋ ಫ್ಲಾಪಿ ಹಾಕಿ, ಊರಿನ ಲೋಕಲ್ ನಂಬರ್‌ಗೆ ಡಯಲ್ ಮಾಡಿದರೆ ಸುದ್ದಿ, ಆಟ, ಇಮೇಲ್, ಎಲ್ಲಾ ಸಿಗ್ತಿತ್ತು. ಜನ ಮುಗಿಬಿದ್ದಿದ್ದು ಪೀಪಲ್ ಕನೆಕ್ಷನ್ ಅನ್ನೋ ಜಾಗಕ್ಕೆ. ಅದು ಚಾಟ್‌ರೂಂ. ಒಂದು ರೂಮಲ್ಲಿ 23 ಜನ ಇರಬಹುದಿತ್ತು.

ಇದರ ಹಿಂದಿನ ಜಾಣತನ ನೋಡಿ. ಚಿತ್ರ, ಮೆನು, ಬಣ್ಣ ಎಲ್ಲಾ ಫ್ಲಾಪಿಯಲ್ಲೇ ಇರ್ತಿತ್ತು. ತಂತಿ ಮೇಲೆ ಓಡ್ತಿದ್ದಿದ್ದು ಮಾತು ಮಾತ್ರ. ನಮ್ಮ ಫೋನ್‌ನ ಆ್ಯಪ್‌ಗಳು ಇವತ್ತು ಮಾಡೋದೂ ಹೆಚ್ಚುಕಡಿಮೆ ಇದನ್ನೇ.

ಕಾಮರ್ಸ್ ಓದಿದವನು, ಲೆಕ್ಕ ಹಾಕದೆ ಇರೋಕಾಗಲ್ಲ. ತಿಂಗಳ ಚಂದಾ 9.95 ಡಾಲರ್. ಚಾಟ್‌ನಂಥ ‘ಪ್ಲಸ್’ ಸೇವೆಗೆ ಅದರ ಮೇಲೆ ನಿಮಿಷಕ್ಕೆ 6 ಸೆಂಟ್. ದಿನಾ ಸಂಜೆ ಎರಡು ಗಂಟೆ ಹರಟಿದ್ರೆ 7 ಡಾಲರ್ 20 ಸೆಂಟ್. ತಿಂಗಳಿಗೆ 216 ಡಾಲರ್! ಕಂಪ್ಯೂಟರ್ ಬೆಲೆಗಿಂತ ಹರಟೆ ಬಿಲ್ಲೇ ಜಾಸ್ತಿ. ನಾವು ಕಳಿಸೋ 200 ಕಿಲೋಬೈಟ್‌ನ ಒಂದು ಫೋಟೋವನ್ನ ಆ ವೇಗದಲ್ಲಿ ಕಳಿಸೋಕೆ ಹೆಚ್ಚುಕಡಿಮೆ 1 ಗಂಟೆ 50 ನಿಮಿಷ ಬೇಕು. ಅದೇ ದರದಲ್ಲಿ ಆರೂವರೆ ಡಾಲರ್ ದಾಟುತ್ತೆ.

ಇದೇ ಕ್ಯೂ-ಲಿಂಕ್ ಮೇಲೆ ಲ್ಯೂಕಾಸ್‌ಫಿಲ್ಮ್ ಗೇಮ್ಸ್‌ನವರು 1986ರಲ್ಲಿ ಹ್ಯಾಬಿಟಾಟ್ ಅನ್ನೋ ಆಟ ಪ್ರಯೋಗಕ್ಕೆ ಬಿಟ್ರು. ಚಿಪ್ ಮಾರ್ನಿಂಗ್‌ಸ್ಟಾರ್ ಮತ್ತು ರ್‍ಯಾಂಡಿ ಫಾರ್ಮರ್ ಅದನ್ನ ಕಟ್ಟಿದವರು. ಪರದೆ ಮೇಲೆ ನಿಮ್ಮದೊಂದು ಗೊಂಬೆ ಓಡಾಡುತ್ತೆ, ಮಾತಾಡಿದ್ರೆ ತಲೆ ಮೇಲೆ ಅಕ್ಷರ ಮೂಡುತ್ತೆ. ಆ ಗೊಂಬೆಗೆ ಅವರಿಟ್ಟ ಹೆಸರು ‘ಅವತಾರ್’. ಹೌದು, ನಮ್ಮ ದಶಾವತಾರದ ಅವತಾರವೇ. ಮನೇಲಿ ಅಜ್ಜಿ “ಏನಪ್ಪಾ ಇದು ನಿನ್ನ ಅವತಾರ” ಅಂತ ಬೈತಾರಲ್ಲ, ಅದೇ ಪದ ಆನ್‌ಲೈನ್ ಲೋಕದಲ್ಲಿ ಬೇರೂರಿದ್ದರಲ್ಲಿ ಈ ಪುಟ್ಟ ಕಂಪ್ಯೂಟರ್‌ನ ಪಾಲೂ ಇದೆ.

ಮುಂದೆ ಏನಾಯ್ತು? ಕ್ಯೂ-ಲಿಂಕ್ ನಡೆಸ್ತಿದ್ದ ಕಂಪನಿ 1991ರಲ್ಲಿ ಅಮೆರಿಕಾ ಆನ್‌ಲೈನ್ ಅಂತ ಹೆಸರು ಬದಲಿಸಿಕೊಂಡಿತು. ಅದೇ ಏಓಎಲ್. ಗಮನ ಎಲ್ಲಾ ಹೊಸ ಕಂಪ್ಯೂಟರ್‌ಗಳ ಕಡೆ ಹೋಯ್ತು. ಕಮೊಡೋರ್ ಕಂಪನಿ 1994ರ ಏಪ್ರಿಲ್‌ನಲ್ಲಿ ದಿವಾಳಿ ಆಯ್ತು. 90ರ ದಶಕದ ಮಧ್ಯದಲ್ಲಿ ಕ್ಯೂ-ಲಿಂಕ್ ಕೂಡ ಮುಚ್ಚಿತು. ಜನರ ಮನೆಯಲ್ಲಿ ಕಂಪ್ಯೂಟರ್ ಚೆನ್ನಾಗೇ ಇತ್ತು, ಮೋಡೆಮ್ ಇತ್ತು, ಫ್ಲಾಪಿ ಇತ್ತು. ಆ ಕಡೆ ಯಾರೂ ಇರಲಿಲ್ಲ. ನನ್ನ ಡ್ರಾಯರ್‌ನ ಫೋನ್ ಕಥೆ ಮೂವತ್ತು ವರ್ಷ ಮೊದಲೇ ಒಮ್ಮೆ ನಡೆದಿತ್ತು.

ಫಿನ್ಲೆಂಡ್‌ನ ಬೇಸಿಗೆ ಕೆಲಸ

ಈಗ ಸ್ವಲ್ಪ ಹಿಂದೆ, 1988ಕ್ಕೆ ಹೋಗೋಣ. ಅಮೆರಿಕದಲ್ಲಿ ಕ್ಯೂ-ಲಿಂಕ್ ಜೋರಾಗಿ ನಡೀತಿದ್ದಾಗ ಫಿನ್ಲೆಂಡ್‌ನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಒಯಿಕಾರಿನೆನ್ ಅನ್ನೋ ವಿದ್ಯಾರ್ಥಿ ಆಗಸ್ಟ್ ತಿಂಗಳಲ್ಲಿ ಒಂದು ಚಾಟ್ ಪ್ರೋಗ್ರಾಂ ಬರೆದ. ಇಂಟರ್ನೆಟ್ ರಿಲೇ ಚಾಟ್, ಅಂದ್ರೆ ಐಆರ್‌ಸಿ. ಒಂದು ಸರ್ವರ್ ಇನ್ನೊಂದಕ್ಕೆ ಮಾತು ದಾಟಿಸುತ್ತೆ, ಅದು ಮತ್ತೊಂದಕ್ಕೆ. 1991ರ ಆಗಸ್ಟ್‌ನಲ್ಲಿ ಸೋವಿಯತ್ ಒಕ್ಕೂಟದಲ್ಲಿ ಕ್ಷಿಪ್ರಕ್ರಾಂತಿ ಯತ್ನ ನಡೆದು ಮಾಧ್ಯಮಗಳ ಬಾಯಿ ಕಟ್ಟಿದಾಗ, ಅಲ್ಲಿನ ಸುದ್ದಿ ಹೊರಗೆ ಬಂದ ದಾರಿಗಳಲ್ಲಿ ಐಆರ್‌ಸಿ ಕೂಡ ಒಂದು.

ಕ್ಯೂ-ಲಿಂಕ್‌ಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. 1993ರ ಮೇ ತಿಂಗಳಲ್ಲಿ ಐಆರ್‌ಸಿಯ ನಿಯಮಗಳನ್ನೆಲ್ಲ ಒಂದು ದಾಖಲೆಯಾಗಿ ಪ್ರಕಟಿಸಿದ್ರು. ಯಾರು ಬೇಕಾದರೂ ಓದಬಹುದು, ಯಾರು ಬೇಕಾದರೂ ತಮ್ಮ ಯಂತ್ರಕ್ಕೆ ಪ್ರೋಗ್ರಾಂ ಬರೀಬಹುದು. ಒಂದು ಮೆಸೇಜ್ ಅಂದ್ರೆ ಹೆಚ್ಚೆಂದರೆ 512 ಬೈಟ್‌ನ ಸಾದಾ ಅಕ್ಷರಗಳ ಒಂದು ಸಾಲು. ಕಮೊಡೋರ್ ಪರದೆಯಲ್ಲಿ ಅದು 13 ಸಾಲಿನೊಳಗೆ ಮುಗಿಯುತ್ತೆ.

ಆದರೂ ಇಂಟರ್ನೆಟ್‌ನ ಭಾಷೆಯಾದ ಟಿಸಿಪಿ/ಐಪಿ ಈ ಯಂತ್ರಕ್ಕೆ ಭಾರ ಅಂತ ತುಂಬಾ ಜನ ಅಂದ್ಕೊಂಡಿದ್ರು. ಸ್ವೀಡನ್‌ನ ಆಡಮ್ ಡಂಕೆಲ್ಸ್ ಅದನ್ನ ಕೆಲವೇ ಕಿಲೋಬೈಟ್‌ಗೆ ಇಳಿಸಿದ್ರು. 2003ರಲ್ಲಿ ಕಾಂಟಿಕಿ ಅನ್ನೋ ಆಪರೇಟಿಂಗ್ ಸಿಸ್ಟಮ್ ಬಿಡುಗಡೆ ಮಾಡಿದ್ರು. ಎತರ್ನೆಟ್ ಕಾರ್ಟ್ರಿಜ್ ಹಾಕಿದ ಕಮೊಡೋರ್ 64 ಅದರಿಂದ ನೇರವಾಗಿ ಇಂಟರ್ನೆಟ್‌ಗೆ ಬಂತು. ಬ್ರೌಸರ್ ಇತ್ತು, ಐಆರ್‌ಸಿ ಕೂಡ ಇತ್ತು. ಕಾನ್-ಟಿಕಿ ಅಂದ್ರೆ 1947ರಲ್ಲಿ ನಾರ್ವೆಯ ಥಾರ್ ಹೆಯರ್‌ಡಾಲ್ ಪೆಸಿಫಿಕ್ ಸಾಗರ ದಾಟಿದ ಮರದ ದಿಮ್ಮಿಗಳ ತೆಪ್ಪ. ಸಿಸ್ಟಮ್‌ನ ಹೆಸರು ಬಂದಿದ್ದು ಅಲ್ಲಿಂದಲೇ.

ಆಳು ಎಂಬತ್ತು ಪಟ್ಟು ಚುರುಕು

ಇವತ್ತು ಹವ್ಯಾಸಿಗಳು ಹಿಡಿಯೋ ದಾರಿ ಇನ್ನೂ ಸುಲಭ. ಇಎಸ್‌ಪಿ8266 ಅಂತ ಒಂದು ವೈಫೈ ಚಿಪ್ ಇದೆ, 2014ರಿಂದ ಸಿಗ್ತಿದೆ, ಬೆಲೆ ಕೆಲವೇ ನೂರು ರೂಪಾಯಿ. ಅದನ್ನ ಕಮೊಡೋರ್‌ನ ಹಿಂದಿನ ಯೂಸರ್ ಪೋರ್ಟ್‌ಗೆ ಜೋಡಿಸ್ತಾರೆ. ಈ ಚಿಪ್ ತಾನೊಂದು ಹಳೇ ಟೆಲಿಫೋನ್ ಮೋಡೆಮ್ ಅಂತ ನಟಿಸುತ್ತೆ. ಕಂಪ್ಯೂಟರ್ ‘ಎಟಿಡಿಟಿ’ ಅಂತ ಹೇಳಿ ನಂಬರ್ ಬದಲು ಸರ್ವರ್ ಹೆಸರು ಕೊಡುತ್ತೆ. ಚಿಪ್ ವೈಫೈ ಮೂಲಕ ಅಲ್ಲಿಗೆ ಸಂಪರ್ಕ ಕೊಡುತ್ತೆ. ತಾನು ಫೋನ್ ಲೈನ್ ಮೇಲಿಲ್ಲ ಅನ್ನೋದು ಪಾಪ ಕಮೊಡೋರ್‌ಗೆ ಗೊತ್ತೇ ಆಗಲ್ಲ.

ಈ ‘ಎಟಿ’ ಆಜ್ಞೆಗಳು 1981ರ ಹೇಯ್ಸ್ ಸ್ಮಾರ್ಟ್‌ಮೋಡೆಮ್‌ನಿಂದ ಬಂದವು. ಅದರ ಮರಿಮಕ್ಕಳು ಮೊಬೈಲ್ ಮೋಡೆಮ್‌ಗಳ ಮಾನದಂಡದಲ್ಲಿ ಇವತ್ತಿಗೂ ಇವೆ. ಇನ್ನೊಂದು ತಮಾಷೆ, ಆ ವೈಫೈ ಚಿಪ್ ಓಡೋದು 80 ಮೆಗಾಹರ್ಟ್ಸ್‌ನಲ್ಲಿ. ಯಜಮಾನನಿಗಿಂತ ಆಳು ಎಂಬತ್ತು ಪಟ್ಟು ಚುರುಕು! ಆ ಚಿಪ್‌ನ ಒಳಗೆ ಇಂಟರ್ನೆಟ್ ಮಾತಾಡೋ ಸಾಫ್ಟ್‌ವೇರ್ ಕೂಡ ಮೊದಲು ಬರೆದಿದ್ದು ಅದೇ ಆಡಮ್ ಡಂಕೆಲ್ಸ್.

ನನ್ನ ಹತ್ರ ನಿಜವಾದ ಕಮೊಡೋರ್ ಇಲ್ಲ. ಲ್ಯಾಪ್‌ಟಾಪ್‌ನಲ್ಲಿ ವೈಸ್ ಅನ್ನೋ ಎಮ್ಯುಲೇಟರ್ ಹಾಕಿ, ಮೋಡೆಮ್‌ನಂತೆ ನಟಿಸೋ ಒಂದು ಸಣ್ಣ ಪ್ರೋಗ್ರಾಂ ಜೋಡಿಸಿ ನೋಡಿದೆ. ನೀಲಿ ಪರದೆ ಬಂತು. 38911 ಬೈಟ್ ಖಾಲಿ ಇದೆ ಅಂತ ತೋರಿಸ್ತು. ಅಕ್ಷರಗಳು ದೊಡ್ಡದಿದ್ದಲ್ಲಿ ಚಿಕ್ಕದು, ಚಿಕ್ಕದಿದ್ದಲ್ಲಿ ದೊಡ್ಡದು. ಯಾಕಂದ್ರೆ ಕಮೊಡೋರ್‌ಗೆ ತನ್ನದೇ ಅಕ್ಷರ ಸಂಕೇತ ಇದೆ. ಸೆಟ್ಟಿಂಗ್‌ನಲ್ಲಿ ಅದನ್ನ ಸರಿ ಮಾಡಿದೆ. ಸರ್ವರ್ ಆಗಾಗ “ಪಿಂಗ್” ಅನ್ನುತ್ತೆ, ನಾವು “ಪಾಂಗ್” ಅನ್ನಬೇಕು. ಮಾಮೂಲಿ ಪ್ರೋಗ್ರಾಂ ಇದನ್ನ ತಾನೇ ಮಾಡುತ್ತೆ, ನಾನು ಕೈಯಾರೆ ಟೈಪ್ ಮಾಡ್ತಿದ್ದೆ. ಕಾಫಿಗೆ ಎದ್ದು ಹೋಗಿ ಬರೋದ್ರಲ್ಲಿ ನನ್ನನ್ನ ಹೊರಗೆ ಹಾಕಿತ್ತು. ಎರಡನೇ ಸಲ ಒಳಗೆ ಹೋಗಿ “ಹಲೋ” ಅಂದೆ. ಅರ್ಧ ನಿಮಿಷಕ್ಕೆ ಯಾರೋ “ಹಲೋ” ಅಂದ್ರು. ಫೋನ್‌ನಲ್ಲಿ ದಿನಕ್ಕೆ ನೂರು ಮೆಸೇಜ್ ನೋಡ್ತೀನಿ, ಒಂದು ಹಲೋಗೆ ಅಷ್ಟು ಖುಷಿ ಆಗಿದ್ದು ನೆನಪಿಲ್ಲ.

ಕನ್ನಡದಲ್ಲಿ ಬರೆಯೋಕೆ ಆಗಲಿಲ್ಲ. ಆ ಯಂತ್ರದ ಅಕ್ಷರಪಟ್ಟಿಯಲ್ಲಿ ನಮ್ಮ ಲಿಪಿ ಇಲ್ಲ. ಆದರೆ ಐಆರ್‌ಸಿ ಕನ್ನಡವನ್ನ ತಡೆಯಲ್ಲ. ಯೂನಿಕೋಡ್‌ನಲ್ಲಿ ಒಂದು ಕನ್ನಡ ಸಂಕೇತಕ್ಕೆ 3 ಬೈಟ್ ಬೇಕು ಅಷ್ಟೇ, ಹಾಗಾಗಿ ಒಂದು ಮೆಸೇಜ್‌ನಲ್ಲಿ ಹಿಡಿಸೋ ಮಾತು ಕಡಿಮೆ.

ಬಾಗಿಲು ಯಾರದು?

2021ರ ಮೇ ತಿಂಗಳ ಒಂದು ಘಟನೆ ಹೇಳ್ತೀನಿ. ಫ್ರೀನೋಡ್ ಅನ್ನೋ ದೊಡ್ಡ ಐಆರ್‌ಸಿ ಜಾಲದಲ್ಲಿ ಅದರ ಹಿಡಿತ ಯಾರದು ಅನ್ನೋ ಜಗಳ ಆಯ್ತು. ನಡೆಸ್ತಿದ್ದ ಸ್ವಯಂಸೇವಕರಲ್ಲಿ ಬಹಳಷ್ಟು ಜನ ರಾಜೀನಾಮೆ ಕೊಟ್ಟು ಲಿಬೆರಾ ಚಾಟ್ ಅಂತ ಹೊಸ ಜಾಲ ಶುರು ಮಾಡಿದ್ರು. ಉಬುಂಟು, ವಿಕಿಮೀಡಿಯ ತರದ ಸಮುದಾಯಗಳು ಅಲ್ಲಿಗೆ ಹೊರಟವು. ಬಳಸೋರು ಮಾಡಬೇಕಾಗಿದ್ದು ಏನು? ಅದೇ ಪ್ರೋಗ್ರಾಂನಲ್ಲಿ ಸರ್ವರ್‌ನ ಹೆಸರು ಬದಲಿಸಿ, ಹೊಸ ಜಾಗದಲ್ಲಿ ತಮ್ಮ ಹೆಸರು ನೋಂದಾಯಿಸೋದು. ಕಮೊಡೋರ್ 64ರಲ್ಲೂ ಅಷ್ಟೇ.

ಕ್ಯೂ-ಲಿಂಕ್ ಮುಚ್ಚಿದಾಗ ಹೀಗೆ ಎದ್ದು ಬೇರೆ ಕಡೆ ಹೋಗೋ ದಾರಿಯೇ ಇರಲಿಲ್ಲ. ಬೀಗವೂ ಅವರದು, ಕೀಲಿಯೂ ಅವರದು. ಹತ್ತು ವರ್ಷ ಆದಮೇಲೆ, 2005ರಲ್ಲಿ, ಹವ್ಯಾಸಿಗಳು ಆ ಸರ್ವರ್ ಹೇಗೆ ಮಾತಾಡ್ತಿತ್ತು ಅಂತ ಕಷ್ಟಪಟ್ಟು ಪತ್ತೆ ಹಚ್ಚಿ ಮರುಸೃಷ್ಟಿ ಮಾಡಿದ್ರು. ಹಳೇ ಫ್ಲಾಪಿಗಳಿಗೆ ಮತ್ತೆ ಉತ್ತರ ಸಿಕ್ಕಿತು. ಆದರೆ ಆ ಹಳೇ ಮಾತುಕತೆ ಬರಲಿಲ್ಲ.

ಹಾಗಂತ ಐಆರ್‌ಸಿ ಎಲ್ಲದಕ್ಕೂ ಮದ್ದಲ್ಲ. ಕಮೊಡೋರ್ ಕಳಿಸೋ ಮಾತು ಬಿಚ್ಚಿಟ್ಟ ಪೋಸ್ಟ್‌ಕಾರ್ಡ್ ಇದ್ದಂತೆ, ದಾರಿಯಲ್ಲಿ ಯಾರಾದರೂ ಓದಬಹುದು. ಇವತ್ತಿನ ಗೂಢಲಿಪಿ ಲೆಕ್ಕಗಳನ್ನ ಮಾಡೋ ತ್ರಾಣ ಅದಕ್ಕಿಲ್ಲ. ವಾಟ್ಸಾಪ್ 2016ರಿಂದ ಎಲ್ಲರ ಮಾತಿಗೂ ಆ ರಕ್ಷಣೆ ಕೊಟ್ಟಿದೆ, ಅದು ಸಣ್ಣ ವಿಷಯ ಅಲ್ಲ. ಆದರೆ ಗೂಢಲಿಪಿ ಒಂದು ಪ್ರಶ್ನೆ, ಬಾಗಿಲು ಯಾರದು ಅನ್ನೋದು ಇನ್ನೊಂದು. ಯುರೋಪಿನ ಡಿಜಿಟಲ್ ಮಾರ್ಕೆಟ್ಸ್ ಕಾನೂನು ಈಗ ದೊಡ್ಡ ಮೆಸೆಂಜರ್‌ಗಳು ಬೇರೆ ಆ್ಯಪ್‌ಗಳಿಗೂ ಬಾಗಿಲು ತೆರೀಬೇಕು ಅಂತ ಹೇಳ್ತಿರೋದು ಈ ಎರಡನೇ ಪ್ರಶ್ನೆಗಾಗಿಯೇ.

ನನ್ನ ಕ್ಲಾಸ್‌ಮೇಟ್ಸ್ ಜೊತೆಗಿನ ಆ ರಾತ್ರಿಗಳ ಮಾತು ವಾಪಸ್ ಬರಲ್ಲ. ಅದು ನನಗೆ ಗೊತ್ತು. ಹಾಗಾಗಿ ಕಳೆದ ಭಾನುವಾರ ಕೂತು, ಅಮ್ಮನ ಜೊತೆಗಿನ ವಾಟ್ಸಾಪ್ ಚಾಟ್ ತೆರೆದು ‘ಎಕ್ಸ್‌ಪೋರ್ಟ್ ಚಾಟ್’ ಒತ್ತಿದೆ. ಒಂದು ಸಾದಾ ಅಕ್ಷರಗಳ ಫೈಲ್ ಬಂತು. “ಊಟ ಆಯ್ತಾ”, “ಛತ್ರಿ ತಗೊಂಡ್ಯಾ”, ಬರೀ ಇಂಥವೇ. ಯಾವ ಕಂಪನಿ ಇದ್ದರೂ ಹೋದರೂ ಆ ಫೈಲ್ ತೆರೆಯುತ್ತೆ. ನಿಮಗೂ ಅಂಥ ಒಂದು ಚಾಟ್ ಇರುತ್ತಲ್ವಾ? ಇವತ್ತೇ ಮಾಡಿಡಿ, ಎರಡು ನಿಮಿಷದ ಕೆಲಸ.