ಗಂಧದೆಣ್ಣೆ ಮದ್ದಾಗಿದ್ದ ಕಾಲ

ಶೃಂಗೇರಿಯಿಂದ ಹತ್ತು ಕಿಲೋಮೀಟರ್ ಆಚೆಗಿರುವ ನಮ್ಮ ಕಿಗ್ಗದಲ್ಲಿ ಪರಿಮಳಕ್ಕೆ ಬರ ಇಲ್ಲ. ದೇವಸ್ಥಾನದಲ್ಲಿ ಗಂಧ, ಅಡುಗೆಮನೆಯಲ್ಲಿ ಏಲಕ್ಕಿ, ಶೀತ ಆದರೆ ನೀಲಗಿರಿ ಎಣ್ಣೆ ಬಿಟ್ಟ ಬಿಸಿನೀರಿನ ಹಬೆ. ಇಂಥದ್ದಕ್ಕೆಲ್ಲ 'ಅರೋಮಾಥೆರಪಿ' ಅನ್ನೋ ದೊಡ್ಡ ಹೆಸರಿದೆ ಅಂತ ಗೊತ್ತಾಗಿದ್ದು ನಾನು ಬಿಇ ಮುಗಿಸಿ ಬೆಂಗಳೂರು ಸೇರಿದ ಮೇಲೆ. ಈಗ ಅದೇ ಹೆಸರಿನಲ್ಲಿ ಪುಟ್ಟ ಪುಟ್ಟ ಬಾಟ್ಲಿಗಳು ಊರಿಗೂ ಬರ್ತಿವೆ, ಜೊತೆಗೆ "ಕ್ಯಾನ್ಸರಿಗೂ ಆಗುತ್ತೆ" ಅನ್ನೋ ಮಾತೂ ಬರ್ತಿದೆ. ಈ ಮಾತನ್ನು ತೂಗಿ ನೋಡೋಕೆ ನಮ್ಮದೇ ಗಂಧದೆಣ್ಣೆಯ ಚರಿತ್ರೆ ಒಳ್ಳೆಯ ತಕ್ಕಡಿ.

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಅಲ್ಲಿಯವರೆಗೆ ಮೈಸೂರು ಸಂಸ್ಥಾನದ ಶ್ರೀಗಂಧದ ಬಹುಪಾಲು ಹರಾಜಾಗಿ ಜರ್ಮನಿಗೆ ಹೋಗ್ತಿತ್ತು, ಎಣ್ಣೆ ತೆಗೀತಿದ್ದವರು ಅವರು. ಯುದ್ಧದಿಂದ ಆ ದಾರಿ ಬಂದ್ ಆಯಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ ದಿವಾನರಾಗಿದ್ದವರು ಎಂ. ವಿಶ್ವೇಶ್ವರಯ್ಯ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಎಂಬ ಇಬ್ಬರು ವಿಜ್ಞಾನಿಗಳು ಎಣ್ಣೆ ತೆಗೆಯೋ ಪ್ರಯೋಗ ಮಾಡಿದರು. 1916ರಲ್ಲಿ ಬೆಂಗಳೂರಿನಲ್ಲೂ ಮರುವರ್ಷ ಮೈಸೂರಿನಲ್ಲೂ ಸರ್ಕಾರದ ಕಾರ್ಖಾನೆಗಳು ನಿಂತವು. ಚೇಗನ್ನು ಪುಡಿ ಮಾಡಿ, ಹಬೆ ಹಾಯಿಸಿ, ಹಬೆಯ ಜೊತೆ ಬಂದ ಎಣ್ಣೆಯನ್ನು ತಣಿಸಿ ಬೇರ್ಪಡಿಸೋದು ವಿಧಾನ. ಮೈಸೂರ್ ಸ್ಯಾಂಡಲ್ ಸೋಪು ಹುಟ್ಟಿದ್ದು ಆಮೇಲೆ.

ಆ ಎಣ್ಣೆಯನ್ನು ಜಗತ್ತು ಕೊಳ್ಳುತ್ತಿದ್ದುದು ಬರೀ ಅತ್ತರಿಗಲ್ಲ, ಮದ್ದಿಗೂ ಕೂಡ. ಬ್ರಿಟಿಷ್ ಫಾರ್ಮಕೋಪಿಯಾದಲ್ಲಿ, ಅಂದರೆ ಅಧಿಕೃತ ಔಷಧಗಳ ಪುಸ್ತಕದಲ್ಲಿ, ಅದಕ್ಕೆ ಜಾಗ ಇತ್ತು. ಗೊನೋರಿಯಾ ಎಂಬ ಲೈಂಗಿಕ ರೋಗಕ್ಕೆ ವೈದ್ಯರು ಗಂಧದೆಣ್ಣೆಯ ಗುಳಿಗೆ ಬರೆದುಕೊಡ್ತಿದ್ದರು. 1930ರ ದಶಕದಲ್ಲಿ ಸಲ್ಫಾ ಮಾತ್ರೆ, 1940ರ ದಶಕದಲ್ಲಿ ಪೆನಿಸಿಲಿನ್ ಬಂದವು. ರೋಗದ ಬೇರಿಗೇ ಕೈ ಹಾಕೋ ಮದ್ದು ಸಿಕ್ಕಿದ ಮೇಲೆ ಗಂಧದೆಣ್ಣೆ ಆ ಕೆಲಸದಿಂದ ನಿವೃತ್ತಿಯಾಯಿತು. ಯಾರೂ ಅದನ್ನು ಅವಮಾನ ಅಂದುಕೊಳ್ಳಲಿಲ್ಲ. ಪರಿಮಳ ಪರಿಮಳವಾಗಿಯೇ ಉಳಿಯಿತು.

'ಅರೋಮಾಥೆರಪಿ' ಪದದ ವಯಸ್ಸೂ ಹೆಚ್ಚೇನಿಲ್ಲ. ಫ್ರಾನ್ಸಿನ ರಸಾಯನ ವಿಜ್ಞಾನಿ ಗಟೆಫೋಸೆ 1937ರಲ್ಲಿ ತನ್ನ ಪುಸ್ತಕಕ್ಕೆ ಇಟ್ಟ ಹೆಸರದು. ಮುಂದೆ ಇಂಗ್ಲೆಂಡಿನ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ನರ್ಸುಗಳು ಪರಿಮಳದ ಎಣ್ಣೆ ಹಚ್ಚಿ ರೋಗಿಗಳ ಕೈಕಾಲು ನೀವತೊಡಗಿದರು. ಇದರಿಂದ ನಿಜಕ್ಕೂ ಏನಾದರೂ ಆಗುತ್ತಾ? ಆಸ್ಟ್ರೇಲಿಯಾದಲ್ಲಿ ರೇಡಿಯೇಷನ್ ತಗೊಳ್ತಿದ್ದ 313 ಜನರಿಗೆ ಎಣ್ಣೆ ಮೂಸಲು ಕೊಟ್ಟು ನೋಡಿದರು. 2003ರಲ್ಲಿ ಫಲಿತಾಂಶ ಬಂತು: ಪರಿಮಳದಿಂದ ಆತಂಕ ಕಮ್ಮಿಯಾಗಿರಲಿಲ್ಲ. ಬರೀ ಸಾದಾ ಎಣ್ಣೆ ಸಿಕ್ಕವರಲ್ಲೇ ಆತಂಕ ಕಮ್ಮಿ ಇತ್ತು! 2007ರಲ್ಲಿ ಇಂಗ್ಲೆಂಡಿನಿಂದ 288 ರೋಗಿಗಳ ಇನ್ನೊಂದು ಅಧ್ಯಯನ ಬಂತು. ಇಲ್ಲಿ ಮೂಸೋದಲ್ಲ, ಎಣ್ಣೆ ಹಚ್ಚಿ ನೀವೋದು. ಆತಂಕ, ಖಿನ್ನತೆ ಇದ್ದವರಿಗೆ ಸಮಾಧಾನ ಸಿಕ್ಕಿತು, ಆದರೆ ನೀವೋದು ನಿಂತ ಮೇಲೆ ಅದು ಉಳಿದದ್ದು ಎರಡು ವಾರದ ಮಟ್ಟಿಗೆ.

ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ನನಗನ್ನಿಸೋದು ಇಷ್ಟು: ಕೆಲಸ ಮಾಡಿದ್ದರಲ್ಲಿ ಬಾಟ್ಲಿಗಿಂತ ಕೈಯ ಪಾಲು ಹೆಚ್ಚು. ಯಾರೋ ಒಬ್ಬರು ಪಕ್ಕ ಕೂತು ನೀವಿದರಲ್ಲ, ಅದು. ಗಡ್ಡೆ ಕರಗೋದು ಇದರಿಂದಲ್ಲ.

ನಮ್ಮ ಅತ್ತೆ ಒಬ್ಬರು ಕೀಮೋಗೆ ಅಂತ ನನ್ನ ಬೆಂಗಳೂರಿನ ಮನೆಯಲ್ಲಿದ್ದರು. ಜೀವಮಾನವಿಡೀ ಊದುಬತ್ತಿ ಹಚ್ಚಿದವರು. "ಎಂತದೂ ಹಚ್ಚಬೇಡ ಮಾರಾಯ, ವಾಸನೆಗೇ ವಾಂತಿ ಬತ್ತದೆ" ಅಂದರು. ಕೀಮೋದಲ್ಲಿರುವ ಎಷ್ಟೋ ಜನಕ್ಕೆ ಹೀಗಾಗುತ್ತೆ, ಪ್ರಿಯವಾದ ಪರಿಮಳವೇ ಶತ್ರು. ಅವರಿಗೆ ಹಿಡಿಸಿದ್ದು ವಾಸನೆಯಿಲ್ಲದ ಸ್ವಲ್ಪ ಬೆಚ್ಚಗಿನ ಎಣ್ಣೆ ಮತ್ತು ಪಾದ ಒತ್ತುವ ನನ್ನ ಹೆಂಡತಿಯ ಕೈ.

ಹಾಗಾಗಿ ಮನೆಯಲ್ಲಿ ರೋಗಿ ಇದ್ದರೆ ಮೊದಲು ಅವರನ್ನೇ ಕೇಳಿ, ಯಾವ ವಾಸನೆ ಸಹಿಸ್ತದೆ ಅಂತ. ರೇಡಿಯೇಷನ್ ಬಿದ್ದ ಚರ್ಮಕ್ಕೆ ಡಾಕ್ಟರನ್ನು ಕೇಳದೆ ಯಾವ ಎಣ್ಣೆಯೂ ಬೇಡ. ಗಡ್ಡೆ ಇರೋ ಜಾಗವನ್ನು ಒತ್ತಬೇಡಿ. ಬಾಟ್ಲಿಯ ಎಣ್ಣೆ ಕುಡಿಸಲೇಬೇಡಿ. ಚಿಕಿತ್ಸೆಗೆ 1973ರಿಂದ ಬೆಂಗಳೂರಿನಲ್ಲಿ ಕಿದ್ವಾಯಿ ಇದೆ. ಗುಣವಾಗದ ಹಂತದಲ್ಲಿ ನೋವು ತಗ್ಗಿಸಿ ಉಚಿತವಾಗಿ ನೋಡಿಕೊಳ್ಳಲು ಕರುಣಾಶ್ರಯ ಇದೆ. "ಎಣ್ಣೆ ಸಾಕು, ಕೀಮೋ ಬಿಡಿ" ಅಂದವರ ಮಾತು ಕೇಳಿ ಒಂದು ತಿಂಗಳು ಕಳೆದರೆ, ಆ ತಿಂಗಳಲ್ಲಿ ರೋಗ ಸುಮ್ಮನೆ ಕೂತಿರೋದಿಲ್ಲ.

ಪೆನಿಸಿಲಿನ್ ಬಂದಾಗ ಗಂಧದೆಣ್ಣೆ ಪಕ್ಕಕ್ಕೆ ಸರಿದು ಜಾಗ ಬಿಟ್ಟಿತ್ತು. ಅದನ್ನು ಮಾರೋರಿಗೂ ಅಷ್ಟು ವಿವೇಕ ಇದ್ದರೆ ಸಾಕು.