ಕುದುರೆಮುಖಕ್ಕೆ ಯಾವ ದಾರಿ?

ಎಗ್ಮೋರಿನ ನಮ್ಮ ಬ್ರಾಂಚಿನಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. "ಸಾರ್, ನೀವು ಕರ್ನಾಟಕದವರಲ್ಲವಾ, ಕುದುರೆಮುಖದಲ್ಲಿ ಯಾವ ಟ್ರೆಕ್ ಒಳ್ಳೇದು?" ಕೇಳುವವರು ಇಪ್ಪತ್ತೈದರ ಆಸುಪಾಸಿನ ಹುಡುಗರು. ಅವರಿಗೆ ಬೇಕಾದ್ದು ಒಂದು ಸಾಲಿನ ಉತ್ತರ. ನನಗೋ ಹಳೆಯ ಕಥೆಯಿಂದ ಶುರು ಮಾಡುವ ಚಟ. ಅವರ ಕೈಲಿ ಕೇಳಿಸಲಾಗದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ, ಸಹಿಸಿಕೊಳ್ಳಿ.

ಮೊದಲು ಹೆಸರು. 1,894 ಮೀಟರ್ ಎತ್ತರದ ಈ ಶಿಖರ ಕಡಲಿನ ಕಡೆಯಿಂದ ನೋಡಿದರೆ ಕುದುರೆಯ ಮುಖದಂತೆ ಕಾಣುತ್ತದೆ. ಹಡಗಿನವರಿಗೆ ಅದೊಂದು ಗುರುತು. ಘಟ್ಟದ ಮೇಲಿನವರಿಗೆ ಮಾತ್ರ ಅದು ಸಂಸೆ ಪರ್ವತ. ನಕ್ಷೆಯಲ್ಲಿ ಗೆದ್ದದ್ದು ಕಡಲ ಕಡೆಯ ಹೆಸರು. ಅದಕ್ಕೆ ಕಾರಣವೂ ಉಂಟು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೆನರಾ ಕಂಪನಿಯ ಪಾಲಾಗಿ ಮದ್ರಾಸಿಗೆ ಸೇರಿತು. 1862ರಲ್ಲಿ ಉತ್ತರ ಕನ್ನಡ ಬೊಂಬಾಯಿಗೆ ಹೋಯಿತು, ದಕ್ಷಿಣ ಕನ್ನಡ 1956ರವರೆಗೂ ಮದ್ರಾಸಿನಲ್ಲೇ ಉಳಿಯಿತು. ಅಂದರೆ ಬೆಟ್ಟದ ಪಡುವಣ ಮಗ್ಗುಲು ಮದ್ರಾಸು, ಮೂಡಣ ಮಗ್ಗುಲು ಮೈಸೂರು. ನಮ್ಮ ಎಗ್ಮೋರ್ ಸ್ಟೇಷನ್ನಿನ ಎದುರಿಗಿರುವ ದಾಖಲೆ ಕಚೇರಿಯನ್ನು ನೀವು ನೋಡಿರುತ್ತೀರಿ. ಬಂಟ್ವಾಳ, ಕಾರ್ಕಳದ ಕಂದಾಯ ವ್ಯವಹಾರದ ಕಾಗದಗಳು ಸೇರುತ್ತಿದ್ದದ್ದು ಈ ಊರಿಗೇ. ಬೆಂಗಳೂರಿಗಲ್ಲ!

ಮಂಗಳೂರಿನ ಬೇಸಿಗೆ ತಡೆಯಲಾಗದ ಬ್ರಿಟಿಷ್ ಅಧಿಕಾರಿಗಳು ಏಪ್ರಿಲ್, ಮೇ ತಿಂಗಳಲ್ಲಿ ಕುದುರೆಮುಖದ ಮೇಲೆ ಬಂಗಲೆಯಲ್ಲಿ ಇರುತ್ತಿದ್ದರು. ಹಾಗಾಗಿ ಆಗ ಮುಖ್ಯವಾದದ್ದು ಪಡುವಣ ದಾರಿ. ನಮ್ಮ ವಯಸ್ಸಿನ ಚಾರಣಿಗರಿಗೂ ಬೆಳ್ತಂಗಡಿ ಕಡೆಯ ನಾವೂರಿನಿಂದ ಏರುವ ಹಾದಿಯ ನೆನಪಿದೆ. ಸಮುದ್ರ ಮಟ್ಟದ ಹತ್ತಿರದಿಂದ ಶುರುವಾಗಿ ಇಡೀ ಘಟ್ಟವನ್ನು ಏರಬೇಕು, ಮೊಣಕಾಲು ಕೇಳುತ್ತದೆ. ಇಂದು ಇಲಾಖೆ ಟಿಕೆಟ್ ಕೊಡುವುದು ಮೂಡಣ ದಾರಿಗೆ. ಕಳಸದ ಹತ್ತಿರದ ಸಂಸೆಯಿಂದ ಜೀಪಿನಲ್ಲಿ ಮುಳ್ಳೋಡಿ, ಅಲ್ಲಿಂದ ಹೋಗಿ ಬರಲು ಸುಮಾರು 20 ಕಿಲೋಮೀಟರ್ ನಡಿಗೆ. ಗಡಿ ಅಳಿಸಿತು, ದಾರಿ ಮಗ್ಗುಲು ಬದಲಿಸಿತು.

ಇನ್ನೊಂದು ಗೊಂದಲ ಇದೆ. ಕುದುರೆಮುಖ ಊರಿನಲ್ಲಿ ಬಸ್ಸಿಳಿದು "ಶಿಖರ ಎಲ್ಲಿ?" ಎಂದು ಕೇಳುವವರಿದ್ದಾರೆ. ಆ ಊರು ಗಣಿಯ ಊರು. 1976ರಲ್ಲಿ ಕಬ್ಬಿಣದ ಅದಿರು ಕಂಪನಿ ಶುರುವಾದದ್ದು ಇರಾನಿನ ಷಾ ಕೊಡುವ ಸಾಲ ನಂಬಿ. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಷಾ ದೇಶ ಬಿಟ್ಟರು. ಸಾಲ ಪಡೆದವನಲ್ಲ, ಸಾಲ ಕೊಟ್ಟವನೇ ನಾಪತ್ತೆಯಾದ ಇಂಥ ಖಾತೆಯನ್ನು ನನ್ನ ಸರ್ವೀಸಿನಲ್ಲಿ ಕಂಡಿಲ್ಲ. ಆದರೂ ಗಣಿ ನಿಲ್ಲಲಿಲ್ಲ. ಅದಿರಿನ ಕೆಸರು ಕೊಳವೆಯಲ್ಲಿ ಘಟ್ಟ ಇಳಿದು ಮಂಗಳೂರಿಗೆ ಹರಿಯಿತು, ಭದ್ರಾ ನದಿ ಕೆಂಪಾಯಿತು.

ಅದೇ ಹೊತ್ತಿಗೆ ಉಲ್ಲಾಸ ಕಾರಂತರು ಸಿಂಗಳೀಕಗಳ ಸಮೀಕ್ಷೆ ಮಾಡಿ ಈ ಕಾಡನ್ನು ಉಳಿಸಬೇಕೆಂದರು. 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ರಾಷ್ಟ್ರೀಯ ಉದ್ಯಾನದ ಮೊದಲ ಅಧಿಸೂಚನೆ ಬಂತು. 2002ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು, 2005ರ ಕೊನೆಗೆ ಗಣಿ ಬಂದ್. ಈಗ ಹುಡುಗರು ಫೋಟೋ ಹಾಕುವ ಕುರಿಂಜಾಲ್, ಗಂಗಡಿಕಲ್ಲು ಎರಡಕ್ಕೂ ಈ ಗಣಿ ಊರಿನ ಕಾರ್ಕಳ ರಸ್ತೆಯೇ ಆಧಾರ. ಅರ್ಧ ದಿನದ ಶಕ್ತಿ ಇರುವವರು ಕುರಿಂಜಾಲ್ ಆರಿಸಲಿ. ಅಲ್ಲಿಂದ ಹಳೆಯ ಗಣಿ ಪ್ರದೇಶವೂ ಕಾಣುತ್ತದೆ, ಅದನ್ನೂ ನೋಡಬೇಕು. ಗುಂಪು ಬೇಡವೆನ್ನುವವರು ಕಿಗ್ಗದ ಋಷ್ಯಶೃಂಗನಿಗೆ ಕೈಮುಗಿದು ನರಸಿಂಹ ಪರ್ವತಕ್ಕೆ ಹೋಗಲಿ. ನನ್ನ ಓಟು ಅದಕ್ಕೇ.

ಉದ್ಯಾನವಾದ ಮೇಲೆ ಒಳಗಿದ್ದ ಮಲೆಕುಡಿಯರು, ಗೌಡರು ಏನಾಗಬೇಕು ಎಂಬ ಪ್ರಶ್ನೆ ಎದ್ದಿತು. ಒಕ್ಕಲೆಬ್ಬಿಸುವ ಭಯದ ಬೆನ್ನಿಗೆ ನಕ್ಸಲರು ಬಂದರು, ಪೊಲೀಸರು ಬಂದರು. 2003ರ ನವೆಂಬರಿನಲ್ಲಿ ಕಾರ್ಕಳ ತಾಲೂಕಿನ ಈದುವಿನಲ್ಲಿ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಸತ್ತರು. ಆ ವರ್ಷಗಳಲ್ಲಿ ಇಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ನಡೆಯುವುದೇ ಅನುಮಾನದ ಕೆಲಸ. ಪರಿಹಾರ ಪಡೆದು ಕೆಲವರು ಹೊರಗೆ ಹೋದರು, ಕೆಲವರು ಉಳಿದರು.

ಈಗಿನ ನಿಯಮ ಕಂಡು ಹುಡುಗರು ಗೊಣಗುತ್ತಾರೆ. ಆನ್‌ಲೈನ್ ಬುಕಿಂಗ್, ದಿನಕ್ಕಿಷ್ಟೇ ಜನ, ಶಿಖರದಲ್ಲಿ ರಾತ್ರಿ ತಂಗುವಂತಿಲ್ಲ, ಬೇಸಿಗೆಯಲ್ಲಿ ಬೆಂಕಿಯ ಭಯಕ್ಕೆ ಬಂದ್. ಚೆನ್ನೈನವರು ಗೊಣಗಬಾರದು ಎಂದು ನನ್ನ ಅಭಿಪ್ರಾಯ. 2018ರ ಮಾರ್ಚ್ 11ರಂದು ತೇನಿ ಜಿಲ್ಲೆಯ ಕುರಂಗಣಿ ಕಾಡ್ಗಿಚ್ಚಿಗೆ ಸಿಕ್ಕ ಗುಂಪಿನಲ್ಲಿ ಈ ಊರಿನವರೇ ಹೆಚ್ಚು ಇದ್ದರು. 20ಕ್ಕೂ ಹೆಚ್ಚು ಜನ ಸತ್ತರು. 2024ರ ಜನವರಿಯಲ್ಲಿ ಕುಮಾರ ಪರ್ವತದ ಬುಡದಲ್ಲಿ ಸಾವಿರಾರು ಮಂದಿ ಸೇರಿದ್ದನ್ನು ಟೀವಿಯಲ್ಲಿ ನೋಡಿದ್ದೇವೆ. ಕರ್ನಾಟಕ ಕಡ್ಡಾಯ ಬುಕಿಂಗ್ ತಂದದ್ದು ಅದಾದ ಮೇಲೆ.

ಹಾಗಾಗಿ ಹುಡುಗರಿಗೆ ಹೇಳುವುದಿಷ್ಟು. ಮೊದಲು ಕಾಡಿನ ಟಿಕೆಟ್, ಆಮೇಲೆ ರೈಲಿನ ಟಿಕೆಟ್. ಮುಳ್ಳೋಡಿಯಿಂದ ಹತ್ತುವುದಾದರೆ ಹಿಂದಿನ ರಾತ್ರಿ ಅಲ್ಲಿನವರ ಮನೆಯಲ್ಲೇ ಉಳಿಯಿರಿ, ಊಟದ ದುಡ್ಡಿಗೆ ಚೌಕಾಸಿ ಬೇಡ. ಬಿಡುವಿದ್ದರೆ ಆ ಮನೆಯ ಹಿರಿಯರನ್ನು ಈ ಬೆಟ್ಟಕ್ಕೆ ನೀವು ಏನನ್ನುತ್ತೀರಿ ಎಂದು ಕೇಳಿ, ಬಂದು ನನಗೂ ಹೇಳಿ.